ಹುಲಿಯ ಭಯವೂ ಹಾದಿಯ ಭಯವೂ

ಪ್ರವಾಸವೆಂಬ ಮಾತು ಕಿವಿಗೆ ಬಿದ್ದೊಡನೆ ತರಗತಿಯ ಕಳೆಯೇ ಬೇರೆಯಾಗುವುದನ್ನು ನಾವು ವರ್ಷ ವರ್ಷವೂ ಕಾಣುತ್ತ ಬಂದಿದ್ದೇವೆ. ಮಗ್ಗಿ ಒಪ್ಪಿಸುವಾಗ ತೂಕಡಿಸುವ ಹುಡುಗನೂ ಆಗ ನೆಟ್ಟಗೆ ಕೂರುತ್ತಾನೆ. ಬುತ್ತಿಗೆ ಏನು ತರಬೇಕು, ಯಾರ ಪಕ್ಕದಲ್ಲಿ ಯಾರು ನಡೆಯಬೇಕು, ಹೊಸ ಚಪ್ಪಲಿ ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಗಳು ಒಂದರ ಮೇಲೊಂದು ಬರುತ್ತವೆ. ಅವುಗಳ ನಡುವೆ ಮೂರನೆಯ ತರಗತಿಯಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ: "ಸರ್, ಹುಲಿ ಪಂಜರ ಮುರಿದು ಹೊರಗೆ ಬಂದರೆ?" ಇಡೀ ತರಗತಿ ನಗುತ್ತದೆ, ಆದರೆ ಕೇಳಿದವನ ಕಣ್ಣಿನಲ್ಲಿ ನಗುವಿರುವುದಿಲ್ಲ.

ಹಿರಿಯ ತರಗತಿಗಳ ವಿದ್ಯಾರ್ಥಿಗಳ ಮಾತು ಬೇರೆ ಬಗೆಯದು. "ದಾರಿಯುದ್ದಕ್ಕೂ ಅಷ್ಟು ಸಲ ಎಣಿಸುವುದೇಕೆ? ನಾವೇನು ಕುರಿಗಳೇ?" ಎಂದು ಒಬ್ಬರು, "ಮುಂಬಯಿಯಲ್ಲಿದ್ದೂ ಮಕ್ಕಳಿಗೆ ಸಮುದ್ರ ತೋರಿಸದ ಶಾಲೆ ನಮ್ಮದೊಂದೇ" ಎಂದು ಇನ್ನೊಬ್ಬರು. ಈ ಗೊಣಗಾಟ ನಮ್ಮ ಕಿವಿಗೂ ಬಿದ್ದಿದೆ. ಗೊಣಗುವುದನ್ನು ನಾವು ತಪ್ಪೆನ್ನುವುದಿಲ್ಲ. ಕಾರಣ ತಿಳಿಯದೆ ಪಾಲಿಸುವ ಕಟ್ಟಳೆ ಯಾರಿಗಾದರೂ ಕಹಿಯೇ. ಆದುದರಿಂದ ಆ ಕಾರಣಗಳನ್ನು ಈ ವಾರ್ಷಿಕ ಸಂಚಿಕೆಯಲ್ಲಿ ನಿಮ್ಮ ಮುಂದಿಡಬೇಕೆಂದು ಬಗೆದಿದ್ದೇವೆ.

ಮೂರನೆಯ ಮತ್ತು ನಾಲ್ಕನೆಯ ತರಗತಿಗಳ 42 ಮಕ್ಕಳನ್ನು ಘಾರಾಪುರಿಗೆ ಕರೆದೊಯ್ಯಬೇಕೆಂದು 2024ರ ದೀಪಾವಳಿಯ ರಜೆ ಮುಗಿದಾಗಲೇ ನಾವು ಯೋಚಿಸಿದ್ದೆವು. ಗೇಟ್‌ವೇಯಿಂದ ದೋಣಿಯಲ್ಲಿ ಹೋಗಿ, ಗುಹೆಯೊಳಗಿನ ಮೂರು ಮುಖಗಳ ಶಿವನನ್ನು ತೋರಿಸಿ, ಸಂಜೆಯೊಳಗೆ ಮರಳುವುದೆಂದು ಲೆಕ್ಕ. ಅಷ್ಟರಲ್ಲಿ ಆ ವರ್ಷದ ಡಿಸೆಂಬರ್ ತಿಂಗಳು ಎರಡು ಸುದ್ದಿಗಳನ್ನು ತಂದಿತು. ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಬಾಲಕಿಯರು ಕಡಲಿಗಿಳಿದು ಅಲೆಗಳ ಪಾಲಾದರು, ನಾಲ್ವರು ಮರಳಲಿಲ್ಲ. ಬಯಲುಸೀಮೆಯಿಂದ ಬಂದ ಮಕ್ಕಳು ಕಡಲನ್ನು ಕಂಡು ಹಿಗ್ಗಿದ ದಿನವೇ ಅವರ ಮನೆಗಳಲ್ಲಿ ಕತ್ತಲೆ ಕವಿಯಿತು. ಇದಾಗಿ ಎಂಟೇ ದಿನಕ್ಕೆ, ಡಿಸೆಂಬರ್ 18ರಂದು, ಗೇಟ್‌ವೇಯಿಂದ ಘಾರಾಪುರಿಗೆ ಹೊರಟಿದ್ದ 'ನೀಲಕಮಲ' ಎಂಬ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಡಿಯಿತು. ದೋಣಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯಿದ್ದರು; 15 ಮಂದಿ ಅಸುನೀಗಿದರು. ನಾವು ಮಕ್ಕಳೊಡನೆ ಹೋಗಬೇಕೆಂದಿದ್ದ ಹಾದಿಯೂ ಅದೇ, ಏರಬೇಕೆಂದಿದ್ದುದು ಅಂಥ ದೋಣಿಯನ್ನೇ.

ಮರುವಾರದ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಕಲಬುರಗಿಯ ಕಡೆಯವರು, ಎರಡು ಮನೆಗಳಲ್ಲಿ ಪಾತ್ರೆ ತೊಳೆದು ಮಗನನ್ನು ಓದಿಸುತ್ತಿರುವವರು. "ಸರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಗ ಇದ್ದಿದ್ರ ಈ ದೋಣಿಯೊಳಗ ಕಳಸ್ತಿದ್ರೇನ್ರಿ?" ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಇಂಥ ಪ್ರಶ್ನೆಗೆ ಸಮಾಧಾನದ ಮಾತು ಹೇಳಿ ಕೂರಿಸುವುದು ಸುಲಭ. ನಾವು ಹಾಗೆ ಮಾಡಲಿಲ್ಲ. ಯೋಚಿಸಿ ಉತ್ತರ ಹೇಳುತ್ತೇವೆಂದಷ್ಟೇ ನುಡಿದೆವು. ಅನಂತರದ ನಮ್ಮ ಯೋಚನೆಗಳೆಲ್ಲ ಆ ತಾಯಿಗೆ ಕೊಡಬೇಕಾದ ಉತ್ತರದ ಹುಡುಕಾಟವೇ ಆದವು.

ಮೊದಲು ಹಿಂದಿನ ಅನಾಹುತಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡೆವು. 2016ರ ಫೆಬ್ರವರಿ 1ರಂದು ರಾಯಗಡ ಜಿಲ್ಲೆಯ ಮುರುಡ ಕಡಲತೀರದಲ್ಲಿ ಪುಣೆಯಿಂದ ಬಂದಿದ್ದ 14 ಮಂದಿ ವಿದ್ಯಾರ್ಥಿಗಳು ಮುಳುಗಿದರು. ಅವರು ಕಾಲೇಜಿನವರು, ಬೆಳೆದವರು. ವಯಸ್ಸು ಅವರನ್ನು ಕಾಯಲಿಲ್ಲ. 2024ರ ಜನವರಿ 18ರಂದು ಬಡೋದೆಯ ಹರ್ನಿ ಕೆರೆಯಲ್ಲಿ ಶಾಲೆಯ ಮಕ್ಕಳಿದ್ದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಪ್ರಾಣ ಕಳೆದುಕೊಂಡರು. ಅದು ಕಡಲಲ್ಲ, ನಗರದ ನಡುವಣ ಶಾಂತವಾದ ಕೆರೆ. ಆದರೆ ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಇವನ್ನೆಲ್ಲ ವಿಧಿಯೆಂದು ಹೇಳಿ ನಿಟ್ಟುಸಿರುಬಿಡುವುದು ನಮ್ಮ ಜನರ ವಾಡಿಕೆ. ಆದರೆ ಎಷ್ಟು ಜನ ಏರಿದ್ದಾರೆ, ಜಾಕೆಟ್ಟುಗಳು ಎಷ್ಟಿವೆ, ಮಕ್ಕಳು ಎಷ್ಟು, ಹಿರಿಯರು ಎಷ್ಟು ಎಂಬುದೆಲ್ಲ ದಡದಲ್ಲಿ ನಿಂತೇ ಎಣಿಸಬಹುದಾದ ಸಂಗತಿಗಳಲ್ಲವೆ? ಎಣಿಸಲು ಬರುವುದನ್ನು ವಿಧಿಯೆನ್ನಲಾಗದು.

ಹಾಗಾದರೆ ಪ್ರವಾಸವೇ ಬೇಡವೆನ್ನೋಣವೇ? ಅನೇಕ ಪಾಲಕರು ಹಾಗೆಯೇ ಅಂದರು. ಅದು ಎಲ್ಲಕ್ಕಿಂತ ಸುಲಭದ ದಾರಿ, ಶಿಕ್ಷಕರಿಗಂತೂ ನಿಶ್ಚಿಂತೆ. ಆದರೆ ನಮ್ಮ ಮಕ್ಕಳ ಬದುಕನ್ನು ನಾವು ಬಲ್ಲೆವು. ಒಂದೇ ಖೋಲಿಯಲ್ಲಿ ಐದಾರು ಜನ. ಮನೆಯಿಂದ ಶಾಲೆ, ಶಾಲೆಯಿಂದ ಮನೆ. ಬೇಸಗೆಯಲ್ಲಿ ಊರಿಗೆ ಹೋದರೆ ಹೋದರು, ಇಲ್ಲದಿದ್ದರೆ ಅದೂ ಇಲ್ಲ. ಬೈಕುಲ್ಲಾದಲ್ಲಿ ಹುಟ್ಟಿ ಬೆಳೆದು, ನಡೆದರೆ ಕಾಲುಗಂಟೆಯೂ ಆಗದ ರಾಣೀಬಾಗನ್ನು ಕಾಣದ ಮಕ್ಕಳು ನಮ್ಮ ಹಾಜರಿ ಪುಸ್ತಕದಲ್ಲಿದ್ದಾರೆ. ಶಾಲೆ ಕರೆದೊಯ್ಯದಿದ್ದರೆ ಅವರನ್ನು ಮತ್ತಾರೂ ಕರೆದೊಯ್ಯರು. ಮಗುವನ್ನು ಹೊರಗೊಯ್ದರೆ ಆಗಬಹುದಾದ ಹಾನಿ ಕಣ್ಣಿಗೆ ಕಾಣುತ್ತದೆ. ಒಯ್ಯದಿದ್ದರೆ ಆಗುವ ಹಾನಿ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದಲ್ಲ.

ಇಲ್ಲಿ ನಮ್ಮ ಹುಟ್ಟೂರಿನ ಮಾತೊಂದನ್ನು ಹೇಳಬೇಕಾಗಿದೆ. ಕುಂದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಕ್ಕಳನ್ನು ಯಾರೂ ಎಣಿಸುತ್ತಿರಲಿಲ್ಲ. ಗದ್ದೆಯ ಅಂಚಿನಲ್ಲಿ ಓಡುತ್ತಿದ್ದೆವು, ತೋಡಿನಲ್ಲಿ ಮೀನು ಹಿಡಿಯುತ್ತಿದ್ದೆವು. ಎಲ್ಲಿ ಹೋದರೂ "ನೀನು ಯಾರ ಮನೆಯವನು?" ಎಂದು ಕೇಳಿ, ಹೊತ್ತು ಮುಳುಗುವ ಮೊದಲು ಮನೆಗಟ್ಟುವ ಹಿರಿಯರಿದ್ದರು. ಊರೇ ಕಾವಲು. ಹಾಗೆಂದು ಹಳ್ಳಿಯಲ್ಲಿ ಅಪಾಯವಿಲ್ಲವೆನ್ನಲಾಗದು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಜಾರಿ ಬಿದ್ದು ಹಳ್ಳದಲ್ಲಿ ಕೊಚ್ಚಿಹೋದಳು. ಪರಿಚಯದ ದಾರಿಯೂ ಮಳೆಗಾಲದಲ್ಲಿ ಪರಕೀಯವಾಗುತ್ತದೆ. ಇನ್ನು ಈ ಮಹಾನಗರದಲ್ಲಿ ಮಗುವಿನ ಮುಖ ನೋಡಿ ಮನೆ ಗುರುತಿಸುವವರು ಯಾರಿದ್ದಾರೆ? ಊರಿನ ನೂರು ಕಣ್ಣುಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಮ್ಮ ಎಣಿಕೆ ಮಾಡಬೇಕು. ನಿಮ್ಮನ್ನು ಎಣಿಸುವುದು ಕುರಿಗಳೆಂದು ಬಗೆದಲ್ಲ.

ಅಪಾಯವನ್ನು ತೂಗುವುದಕ್ಕೂ ಒಂದು ತಕ್ಕಡಿ ಬೇಕು. ನಾವು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೆವು: ಇದು ಸಂಭವಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಸಂಭವಿಸಿದರೆ ಆಗುವ ಹಾನಿ ಎಷ್ಟು? ಉದ್ಯಾನದಲ್ಲಿ ಓಡಿ ಬಿದ್ದು ಮೊಣಕಾಲು ತರಚುವುದು ಬಹಳ ಸಾಧ್ಯ, ಹಾನಿ ಅಲ್ಪ. ಅದಕ್ಕೆ ಹತ್ತಿ, ಪಟ್ಟಿ, ಔಷಧವಿದ್ದರೆ ಸಾಕು, ಓಡುವುದನ್ನು ನಿಲ್ಲಿಸಬೇಕಾಗಿಲ್ಲ. ಹುಲಿ ಹೊರಬರುವುದು ಹಾನಿಯಲ್ಲಿ ಘೋರ, ಸಂಭವದಲ್ಲಿ ಶೂನ್ಯಕ್ಕೆ ಸಮೀಪ. ಅದನ್ನು ಕಾಯಲು ಗಾಜಿನ ಗೋಡೆಯಿದೆ, ಅದಕ್ಕೆಂದೇ ನೇಮಕವಾದ ಜನರಿದ್ದಾರೆ. ಆದರೆ ಸಂಭವವೂ ಹೆಚ್ಚು, ಹಾನಿಯೂ ಹೆಚ್ಚು ಎಂಬಂಥವು ಕೆಲವಿವೆ: ಜನಜಂಗುಳಿಯಲ್ಲಿ ಮಗು ಕೈತಪ್ಪುವುದು, ರಸ್ತೆ ದಾಟುವಾಗ ಸಾಲು ತುಂಡಾಗುವುದು, ಮೆಟ್ಟಿಲಿನ ಮೇಲೆ ಹಿಂದಿನವರು ಮುಂದಿನವರನ್ನು ನೂಕುವುದು. ಇವೆಲ್ಲವೂ ಹಾದಿಯಲ್ಲಿವೆ, ಪ್ರಾಣಿಗಳ ಬಳಿಯಲ್ಲಲ್ಲ. ಮಕ್ಕಳು ಹುಲಿಗೆ ಅಂಜುತ್ತಾರೆ; ಶಿಕ್ಷಕರು ಅಂಜಬೇಕಾದುದು ಸೇತುವೆಗೆ.

ಈ ಮಾತು ಬರಿಯ ಊಹೆಯದಲ್ಲ. 2017ರ ಸೆಪ್ಟೆಂಬರ್ 29ರ ಬೆಳಗಿನ ಹೊತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ಮಳೆಗೆಂದು ನಿಂತವರೂ ಗಾಡಿಯಿಂದ ಇಳಿದು ಬಂದವರೂ ಒತ್ತೊತ್ತಾಗಿ, ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ಆ ನಿಲ್ದಾಣಕ್ಕೆ ಮರುವರ್ಷ ಪ್ರಭಾದೇವಿಯೆಂಬ ಹೆಸರಾಯಿತು. ಹೆಸರು ಬದಲಾದರೂ ಪಾಠ ಬದಲಾಗುವುದಿಲ್ಲ. ಅಲ್ಲಿ ಬೆಂಕಿಯಿರಲಿಲ್ಲ, ನೀರಿರಲಿಲ್ಲ. ದಿನವೂ ನಡೆಯುವ ಮೆಟ್ಟಿಲು, ದಿನವೂ ಬರುವ ಜನ ಇವಿಷ್ಟೇ ಇದ್ದುವು. ಅಂಥ ಕಡೆ ಎತ್ತರದಲ್ಲಿ ಹಿರಿಯರ ಸೊಂಟಕ್ಕೆ ಬರುವ ಮಗುವಿನ ಗತಿಯೇನು?

ಆದುದರಿಂದ ಹೊತ್ತಿನ ಆಯ್ಕೆಯೇ ನಮ್ಮ ಮೊದಲನೆಯ ರಕ್ಷಣೆಯಾಯಿತು. ಕಚೇರಿಗೆ ಹೋಗುವವರ ದಟ್ಟಣೆ ಇಳಿದ ಮೇಲೆ, ಬೆಳಿಗ್ಗೆ 11 ಗಂಟೆಗೆ ಹಳಿಗಳನ್ನು ದಾಟಬೇಕು. ಸಂಜೆಯ ದಟ್ಟಣೆಗೆ ಮೊದಲು, 3 ಗಂಟೆಯೊಳಗೆ ಮರಳಬೇಕು. ನಮ್ಮ ಶಾಲೆ ಹಳಿಗಳ ಪಶ್ಚಿಮಕ್ಕೆ, ರಾಣೀಬಾಗು ಪೂರ್ವಕ್ಕೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಗಾಡಿ ಹಾದುಹೋದುದು ಇದೇ ಬೈಕುಲ್ಲಾದ ಮೂಲಕ. ಅಂದಿನ ಗಾಡಿಯನ್ನು ಉಗಿ ಎಳೆಯುತ್ತಿತ್ತು. ಇಂದು ಹಳಿಗಳ ಮೇಲಿನ ತಂತಿಗಳಲ್ಲಿ 25,000 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಸೇತುವೆಯ ಮೇಲಿಂದ ಕೋಲು, ಕೊಡೆ ಮುಂತಾದುವನ್ನು ಚಾಚಬಾರದೆಂದು ನಾವು ಗದರಿಸುವುದು ಅದಕ್ಕಾಗಿ.

ಎರಡನೆಯದಾಗಿ, ಮಕ್ಕಳನ್ನು ಕರೆದೊಯ್ಯುವ ಮೊದಲು ನಾವೇ ಅದೇ ವಾರದಂದು, ಅದೇ ಹೊತ್ತಿಗೆ, ಆ ಹಾದಿಯನ್ನು ನಡೆದು ನೋಡಬೇಕೆಂದು ಗೊತ್ತುಮಾಡಿದೆವು. ಬುಧವಾರ ಉದ್ಯಾನಕ್ಕೆ ರಜೆ; ಗುರುವಾರವನ್ನು ಆರಿಸಿದೆವು. ಸಭೆಯಲ್ಲಿ ಪ್ರಶ್ನೆ ಕೇಳಿದ ತಾಯಿಯನ್ನೂ ನಮ್ಮೊಡನೆ ಬರಲು ಬೇಡಿಕೊಂಡೆವು. ಅವರು ಬೆಳಗಿನ ಮನೆಗೆಲಸ ಮುಗಿಸಿ ಸೆರಗಿನಲ್ಲಿ ಕೈಯೊರಸಿಕೊಳ್ಳುತ್ತಲೇ ಬಂದರು. ಅಂಬೇಡ್ಕರ್ ರಸ್ತೆಯ ಸಿಗ್ನಲಿನಲ್ಲಿ ಹಸಿರು ದೀಪ ಎಷ್ಟು ಹೊತ್ತು ಉರಿಯುತ್ತದೆಂದು ನಾವು ಗಡಿಯಾರ ಹಿಡಿದು ನೋಡಿದೆವು. 42 ಮಕ್ಕಳು ಒಂದೇ ಸಲಕ್ಕೆ ದಾಟಲಾರರು, ಎರಡು ತಂಡವಾಗಬೇಕೆಂದು ತಿಳಿಯಿತು. ಕುಡಿಯುವ ನೀರು, ಶೌಚಾಲಯ, ನೆರಳು ಎಲ್ಲಿವೆಯೆಂದು ಬರೆದುಕೊಂಡೆವು. ಆ ತಾಯಿ ಮಾತ್ರ ಒಂದು ಆವರಣದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕಂಬಿಗಳ ಕಡೆ ನೋಡಿದರು. "ಸರ್, ಹಿಂಗ ಕುಂತು ನೋಡ್ರಿ. ಸಣ್ಣ ಹುಡುಗರಿಗೆ ಇಲ್ಲಿಂದ ಏನೂ ಕಾಣಂಗಿಲ್ಲ. ಕಾಣಲಿಲ್ಲಂದ್ರ ಕಟ್ಟಿ ಏರತಾವ್ರಿ" ಎಂದರು. ಮಗುವಿನ ಕಣ್ಣಿನ ಎತ್ತರದಿಂದ ಜಗತ್ತನ್ನು ನೋಡುವ ವಿದ್ಯೆ ಯಾವ ಶಿಕ್ಷಕರ ತರಬೇತಿಗಿಂತಲೂ ಮೇಲಾದುದು. ಆ ಸ್ಥಳದಲ್ಲಿ ಒಬ್ಬ ಹಿರಿಯರು ನಿಲ್ಲಬೇಕೆಂದು ಅಲ್ಲಿಯೇ ಗೊತ್ತುಮಾಡಿದೆವು.

ಫೆಬ್ರವರಿಯ ಒಂದು ಗುರುವಾರ ಪ್ರವಾಸ ಹೊರಟಿತು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರಿಗೆ ಕಡಿಮೆಯಿರಬಾರದೆಂಬುದು ನಮ್ಮ ಕಟ್ಟಳೆ. ಶಿಕ್ಷಕರು ಇಬ್ಬರು, ತಾಯಂದಿರು ಮೂವರು, ಒಟ್ಟು ಐವರು. ಮಕ್ಕಳನ್ನು 21 ಜೋಡಿಗಳಾಗಿ ಮಾಡಿದೆವು. ಪ್ರತಿಯೊಬ್ಬರ ಜೇಬಿನಲ್ಲಿ ಶಾಲೆಯ ದೂರವಾಣಿ ಸಂಖ್ಯೆಯಿರುವ ಚೀಟಿ. ಹೆಸರನ್ನು ಎದೆಯ ಮೇಲೆ ಅಂಟಿಸಲಿಲ್ಲ. ಹೆಸರು ಹಿಡಿದು ಕರೆಯುವವರನ್ನೆಲ್ಲ ಮಕ್ಕಳು ಪರಿಚಿತರೆಂದೇ ನಂಬುತ್ತಾರೆ. ದಾರಿ ತಪ್ಪಿದರೆ ಹುಡುಕಿಕೊಂಡು ಅಲೆಯಬಾರದು, ನಿಂತ ಕಡೆಯೇ ನಿಲ್ಲಬೇಕು. ಸಮವಸ್ತ್ರದ ಕಾವಲುಗಾರನಿಗಾಗಲಿ, ಮಕ್ಕಳೊಡನೆ ಬಂದ ಯಾವಳಾದರೂ ತಾಯಿಗಾಗಲಿ ಹೇಳಬೇಕು ಎಂದು ಮೂರು ದಿನ ಮೊದಲೇ ಕಲಿಸಿದ್ದೆವು. ಮನೆಯಲ್ಲಿ ಕನ್ನಡವಾಡುವ ಮಗು ಗಾಬರಿಯಲ್ಲಿ ಕನ್ನಡವನ್ನೇ ಆಡುತ್ತದೆ. ಈ ಊರಿನ ಕಾವಲುಗಾರನಿಗೆ ಅದು ತಿಳಿಯಬೇಕಲ್ಲ! ಆದುದರಿಂದ "ಮೀ ಹರವಲೋ ಆಹೇ", ಹುಡುಗಿಯರಾದರೆ "ಮೀ ಹರವಲೇ ಆಹೇ" ಎಂಬ ಮರಾಠಿ ವಾಕ್ಯವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದೆವು. ಮಕ್ಕಳ ನೆರವಿಗೆಂದೇ ಇರುವ 1098 ಎಂಬ ಸಂಖ್ಯೆಯನ್ನೂ ನೆನಪಿನಲ್ಲಿಡಿಸಿದೆವು.

ಘಾರಾಪುರಿ ತಪ್ಪಿತೆಂದು ಮಕ್ಕಳು ಮುಖ ಸಣ್ಣದು ಮಾಡಿದ್ದರು. ಅವರಿಗಾಗಿ ಒಂದು ವಿಸ್ಮಯವನ್ನು ನಾವು ಕಾದಿರಿಸಿದ್ದೆವು. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟುದು ಅಲ್ಲಿದ್ದ ಕಲ್ಲಾನೆಯೊಂದನ್ನು ಕಂಡು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಬಿದ್ದು ಒಡೆಯಿತು. ಚೂರುಗಳು ರಾಣೀಬಾಗಿಗೆ ಬಂದುವು. 1914ರಲ್ಲಿ ಅವನ್ನು ಮತ್ತೆ ಜೋಡಿಸಲಾಯಿತು. ಆ ಆನೆ ಇಂದಿಗೂ ನಮ್ಮ ಬೈಕುಲ್ಲಾದಲ್ಲಿ, ಭಾವೂ ದಾಜೀ ಲಾಡ್ ಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ. "ನಾವು ಘಾರಾಪುರಿಗೆ ಹೋಗದಿದ್ದರೇನು, ಘಾರಾಪುರಿಯ ಆನೆಯೇ ನಮ್ಮ ಬಳಿಗೆ ಬಂದಿದೆ" ಎಂದಾಗ ಮಕ್ಕಳ ಮುಖ ಅರಳಿತು.

ಶಾಲೆಯ ಬಾಗಿಲಿನಲ್ಲಿ, ಸೇತುವೆಯ ಎರಡು ತುದಿಗಳಲ್ಲಿ, ರಸ್ತೆಯ ಎರಡು ಬದಿಗಳಲ್ಲಿ, ಉದ್ಯಾನದ ಒಳಗೆ: ಹೋದೆಡೆಯಲ್ಲೆಲ್ಲ ಇಬ್ಬರು ಬೇರೆ ಬೇರೆಯಾಗಿ ಎಣಿಸಿದೆವು. ಇಬ್ಬರ ಲೆಕ್ಕವೂ ಒಂದಾಗುವವರೆಗೆ ಸಾಲು ಕದಲಬಾರದು. ಎಲ್ಲ ಕಡೆಯೂ 42 ಬಂದಿತು. ಊಟವಾದ ಮೇಲೆ ಮರದಡಿಯಲ್ಲಿ ಎಣಿಸಿದಾಗ ಬಂದುದು 41. ಇನ್ನೊಬ್ಬರು ಎಣಿಸಿದರು, 41. ವಿದ್ಯಾರ್ಥಿ ಮಿತ್ರರೆ, ಆ ಒಂದು ಅಂಕೆ ಕಡಿಮೆಯಾದಾಗ ಎದೆಯಲ್ಲಾಗುವುದನ್ನು ಯಾವ ಗಣಿತದ ಪುಸ್ತಕವೂ ಹೇಳಲಾರದು. ಆದರೆ ಯಾರೂ ಓಡಲಿಲ್ಲ, ಸಾಲು ಒಡೆಯಲಿಲ್ಲ. "ಯಾರ ಜೊತೆಗಾರ ಇಲ್ಲ? ಕೈಯೆತ್ತಿ" ಎಂದೆವು. ಒಂದೇ ಒಂದು ಕೈ ಮೇಲೆದ್ದಿತು. "ಸರ್, ಅವ ನೀರು ಕುಡ್ಯಾಕ ನಳದ ಕಡೆ ಹೋಗ್ಯಾನ್ರಿ. ನಾ ಬ್ಯಾಡ ಅಂದೆ, ಕೇಳಲಿಲ್ಲ." ನಮ್ಮಲ್ಲೊಬ್ಬರು ನಳದ ಕಡೆಗೆ ನಡೆದರು. ಹುಡುಗ ಬಾಟಲಿ ತುಂಬಿಕೊಂಡು ನಿಶ್ಚಿಂತೆಯಿಂದ ಬರುತ್ತಿದ್ದ. ಎಲ್ಲವೂ ಮೂರು ನಿಮಿಷದ ಕಥೆ. ನಮ್ಮ ಎಣಿಕೆ ಒಬ್ಬನಿಲ್ಲವೆಂದು ಮಾತ್ರ ಹೇಳಬಲ್ಲುದಾಗಿತ್ತು. ಯಾರು, ಎಲ್ಲಿ ಎಂದು ಹೇಳಿದವನು ಎಂಟು ವರ್ಷದ ಜೊತೆಗಾರ. ಅವನನ್ನು ಅಂದು ಬೆನ್ನು ತಟ್ಟಿದೆವು. ಇಂದು ಈ ಪುಟದಲ್ಲಿಯೂ ತಟ್ಟುತ್ತೇವೆ.

ಇನ್ನು ಸಮುದ್ರದ ಮಾತು. ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗಲೇಬೇಕಷ್ಟೆ. ಅದು ಕೆಲವೊಮ್ಮೆ ಎಲ್ಲ ಕಡೆಯೂ ಸಮನಾಗಿ ಮರಳದೆ ಒಂದು ಇಕ್ಕಟ್ಟಿನ ಓಣಿ ಹಿಡಿದು ರಭಸದಿಂದ ಆಳದ ಕಡೆ ಹರಿಯುತ್ತದೆ. ಆ ಸ್ಥಳದಲ್ಲಿ ನೊರೆ ಕಡಿಮೆ, ಅಲೆಯೂ ಕಡಿಮೆ. ನೋಡುವವರಿಗೆ ಅದೇ ಶಾಂತವಾಗಿ ಕಾಣುತ್ತದೆ, ಈಜು ಬಾರದವರು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ಎದುರಾಗಿ ದಡಕ್ಕೆ ಈಜಿದರೆ ಬಳಲಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕೆಂದು ಬಲ್ಲವರು ಹೇಳುತ್ತಾರೆ. ಆದರೆ ಗಾಬರಿಗೊಂಡ ಮಗುವಿಗೆ ಆ ಹೊತ್ತಿನಲ್ಲಿ ಈ ಪಾಠ ನೆನಪಾಗದು. ಇದರ ಜೊತೆಗೆ ಮುಂಬಯಿಯ ಕಡಲು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರಿನ ನಡುವೆ ಇರುತ್ತದೆ. ಆದುದರಿಂದ ನಾವು ಮಕ್ಕಳೊಡನೆ ಇರುವಾಗ ಕಡಲನ್ನು ನೋಡುವುದುಂಟು, ಅದಕ್ಕೆ ಇಳಿಯುವುದಿಲ್ಲ. ಪಾದ ನೆನೆಸಿಕೊಳ್ಳುವುದಕ್ಕೂ ಇಲ್ಲ. ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಹೋಗುವ ದಾರಿ ಬಹಳ ಹತ್ತಿರದ್ದು.

ಘಾರಾಪುರಿಯ ಪ್ರವಾಸವನ್ನು ನಾವು ಕೈಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದೇವೆ. ಅಂದಿನ ಅಪಘಾತದ ಬಳಿಕ ದೋಣಿಯೇರುವವರೆಲ್ಲ ಲೈಫ್ ಜಾಕೆಟ್ ತೊಡಬೇಕೆಂಬ ಆಜ್ಞೆ ಹೊರಟಿತು. ಆದರೆ ದೊಡ್ಡವರ ಜಾಕೆಟ್ಟು ಚಿಕ್ಕ ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಅಳತೆಗೆ ತಕ್ಕುದು ಬೇಕು. ಅಂಥ ಜಾಕೆಟ್ಟು ಪ್ರತಿ ಮಗುವಿಗೂ ದೊರೆಯುವುದಾದರೆ, ದೋಣಿಯ ಮಿತಿಯನ್ನು ನಾವೇ ಎಣಿಸಿ ಒಪ್ಪಿಕೊಂಡರೆ, ಐದು ಮಕ್ಕಳಿಗೆ ಒಬ್ಬರಂತೆ ಹಿರಿಯರು ಕೂಡಿದರೆ ಹೋಗೋಣ. ಮೂರರಲ್ಲಿ ಒಂದು ಕಡಿಮೆಯಾದರೂ ದಡದಿಂದಲೇ ಹಿಂದಿರುಗೋಣ. ಟಿಕೇಟಿನ ದುಡ್ಡು ಹೋಯಿತೆಂಬ ಮರುಕ, ಮಕ್ಕಳು ಅತ್ತರೆಂಬ ಕನಿಕರ, ಬಂದಾಯಿತಲ್ಲ ಎಂಬ ಸಂಕೋಚ, ಇವು ದೋಣಿಯೇರಲು ಕಾರಣಗಳಲ್ಲ. ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವೂ ಇದೇ ಆಯಿತು: "ಅಮ್ಮಾ, ನಮ್ಮ ಮಗನಾಗಿದ್ದರೆ ಈ ಮೂರೂ ಕೂಡಿದ ದಿನ ಕಳುಹಿಸುತ್ತಿದ್ದೆವು; ಕೂಡದ ದಿನ ಕಳುಹಿಸುತ್ತಿರಲಿಲ್ಲ." ಅವರು, "ಹಂಗಾದ್ರ ಆ ದಿನ ನಾನೂ ಬರ್ತೀನ್ರಿ" ಎಂದರು.

ಎಂಟನೆಯ, ಒಂಬತ್ತನೆಯ ತರಗತಿಗಳ ವಿದ್ಯಾರ್ಥಿಗಳಲ್ಲಿ ಕೊನೆಯದಾಗಿ ಒಂದು ಬೇಡಿಕೆ. ತಾಯಂದಿರು ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಅವರನ್ನು ವರ್ಷ ವರ್ಷವೂ ಕೇಳಲು ನಮಗೆ ಮನಸ್ಸು ಬಾರದು. ಹಿರಿಯರ ಲೆಕ್ಕವನ್ನು ನೀವು ತುಂಬಲಾರಿರಿ. ಅದು ಹಿರಿಯರಿಂದಲೇ ಆಗಬೇಕಾದ ಕೆಲಸ. ಆದರೆ ಸಾಲಿನ ನಡುವೆ ಒಂದೊಂದು ಜೋಡಿಯ ಪಕ್ಕದಲ್ಲಿ ನೀವು ನಡೆಯಬಹುದು, ಚಿಕ್ಕವರ ಎತ್ತರಕ್ಕೆ ಬಾಗಿ ಅವರಿಗೆ ಕಾಣದುದನ್ನು ಎತ್ತಿ ತೋರಿಸಬಹುದು. ಮನಸ್ಸಿದ್ದವರು ಜೂನ್ ತಿಂಗಳಲ್ಲಿ ನಿಮ್ಮ ಹೆಸರನ್ನು ನಮಗೆ ಕೊಡಿರಿ. ಹಾದಿಯನ್ನು ನೋಡಿ ಬರುವ ಕೆಲಸದಿಂದಲೇ ನಿಮ್ಮನ್ನೂ ಕೂಡಿಸಿಕೊಳ್ಳುತ್ತೇವೆ. ಆಗ ಎಣಿಸಿಕೊಳ್ಳುವವರಾಗಿದ್ದ ನೀವು ಎಣಿಸುವವರಾಗುತ್ತೀರಿ.